ಜಾರಿ ಬೀಳದ ಯಾಕ್

ಹಾ ಎಂಬ ಕಣಿವೆಯ ಮೇಲಿನ ನಮ್ಮ ಊರಿನಲ್ಲಿ ಯಾರೂ ಪ್ರಾಣಿಗಳನ್ನು ಕೊಲ್ಲುತ್ತಿರಲಿಲ್ಲ. ಕೊಂದವನು ಮುಂದಿನ ಜನ್ಮದಲ್ಲಿ ಹುಳುವಾಗಿ ಹುಟ್ಟುತ್ತಾನೆಂಬುದು ನನ್ನ ಶಾಲೆಯ ಮಕ್ಕಳಿಗೂ ಗೊತ್ತಿತ್ತು. ಆದರೆ ಬಂಡೆಯಿಂದ ತಾನಾಗಿ ಜಾರಿ ಸತ್ತ ಯಾಕ್‌ನ ಮಾಂಸ ತಿಂದರೆ ಪಾಪವಿಲ್ಲ. ವರ್ಷವೆಲ್ಲ ಅದೇ ಬಂಡೆಯ ಮೇಲೆ ಮೇಕೆಗಳಂತೆ ಓಡಾಡಿಕೊಂಡಿದ್ದ ನಮ್ಮ ಯಾಕ್‌ಗಳಿಗೆ ಲೋಂಬ ಹಬ್ಬದ ಹಿಂದಿನ ವಾರ ಮಾತ್ರ ಕಾಲು ನಿಲ್ಲುತ್ತಿರಲಿಲ್ಲ. ಊರಿನ ಕೆಲವು ಗಂಡಸರು ಆಗ ಅವುಗಳ ಹಿಂದೆ ನಿಂತು ಜೋರಾಗಿ ಕೆಮ್ಮುತ್ತಿದ್ದರು, ಅಷ್ಟೆ.

ಯಾಕ್ ಕಾಯುವ, ಊರೆಲ್ಲ 'ಆಪ' ಎಂದರೆ ಅಪ್ಪ ಎಂದು ಕರೆಯುವ ಛಗೇ ಕೂಡ ಹೀಗೆ ಬಿದ್ದವುಗಳನ್ನು ಚಪ್ಪರಿಸಿಕೊಂಡು ತಿಂದವರೇ. ಒಂದು ಚಳಿಗಾಲ ಅವರ ಸ್ವಂತ ಯಾಕ್ ನೊರ್ಬುವಿನ ಸರದಿ ಬಂತು. ಅದಕ್ಕೆ ಮುಪ್ಪು ಬಂದಿತ್ತು, ಹೊರೆ ಹೊರಲಾಗುತ್ತಿರಲಿಲ್ಲ, ಹಟ್ಟಿಯಲ್ಲಿ ಮೇವೂ ಸಾಲದು. ಊರಿನ ಪೂಜೆ ನಡೆಸುವ ಗೊಮ್ಚೆನ್ ಸಂಗೇ ಖಾಂಡು ಮೊದಲು ಬಂದರು.

"ಆಪ, ಬಂಡೆ ಅಂಚಲ್ಲಿ ಇನ್ನೂ ಹಸಿ ಹುಲ್ಲಿದೆಯಂತೆ."

"ಹಾಗಾದ್ರೆ ನೀವೇ ಹೋಗಿ ಮೇಯ್ರಿ, ಗೊಮ್ಚೆನ್."

"ಅಲ್ಲ, ಅದಕ್ಕೂ ವಯಸ್ಸಾಯ್ತು. ಎಲ್ಲಾ ಅನಿತ್ಯ ಅಂತ ಬುದ್ಧ ಹೇಳಿಲ್ವಾ?"

"ಹೇಳಿದಾನೆ. ಹಬ್ಬದ ಒಳಗೇ ಅಂತ ಹೇಳಿಲ್ಲ."

ಆಮೇಲೆ ಪಕ್ಕದ ಮನೆಯ ಲ್ಹಾದೆನ್ ಬಂದಳು. "ಹಬ್ಬಕ್ಕೆ ನಮಗೆಲ್ಲ ಬರೀ ಸೊಪ್ಪಿನ ಕಡುಬು ತಿನ್ನಿಸ್ತೀಯಾ? ಹೆಂಡ್ತಿ ಸತ್ತ ಮೇಲೆ ಆ ಯಾಕೇ ನಿನ್ನ ಸಂಸಾರ ಆಗ್ಬಿಟ್ಟಿದೆ."

"ಅದು ನಿನ್ನ ಥರ ಬಯ್ಯಲ್ಲ, ಲ್ಹಾದೆನ್."

ಮರುದಿನ ಆಪ ಛಗೇ ಹಗ್ಗದ ಒಂದು ತುದಿಯನ್ನು ನೊರ್ಬುವಿನ ಕೊರಳಿಗೆ ಕಟ್ಟಿ, ಇನ್ನೊಂದನ್ನು ತಮ್ಮ ಸೊಂಟಕ್ಕೆ ಬಿಗಿದುಕೊಂಡರು. ಮೇಯಲು, ನೀರಿಗೆ, ಅಂಗಡಿಗೆ, ಎಲ್ಲಿಗೆ ಹೋದರೂ ಜೋಡಿಯಾಗಿಯೇ. ಕೆಮ್ಮುವವರ ಗಂಟಲು ಒಣಗಿತು. ಯಾಕ್ ಜಾರಿದರೆ ಆಪನೂ ಹೋಗುತ್ತಾರೆ. ಮನುಷ್ಯರು ಬಿದ್ದು ಸತ್ತರೆ ಪಾಪವಿಲ್ಲವೆಂದು ಯಾವ ಗ್ರಂಥವೂ ಹೇಳಿರಲಿಲ್ಲ. ಮೇಲಾಗಿ ಮನುಷ್ಯ ಸತ್ತರೆ ನಲವತ್ತೊಂಬತ್ತು ದಿನಗಳ ಪೂಜೆ, ಊರೂಟ. ಆಪನಿಗೆ ನೆಂಟರಿಲ್ಲ, ಎಲ್ಲವೂ ಊರಿನ ತಲೆಗೇ. ಆ ಊಟಕ್ಕೆ ಒಂದು ಯಾಕ್ ಎಲ್ಲಿ ಸಾಕು ಎಂದು ಗೊಮ್ಚೆನ್ ನಿಟ್ಟುಸಿರುಬಿಟ್ಟರು.

ಅಲ್ಲಿಗೆ ಊರಿಗೆ ಊರೇ ನೊರ್ಬುವಿನ ಕಾವಲಿಗೆ ನಿಂತಿತು. ಅವರಿಬ್ಬರೂ ಬಂಡೆಯ ಕಡೆ ಸುಳಿಯದಿರಲೆಂದು ಮನೆಮನೆಯಿಂದ ಮೇವು ಹಟ್ಟಿಗೇ ಬರತೊಡಗಿತು. ಲ್ಹಾದೆನ್ ಒಂದು ಬುಟ್ಟಿ ಮೂಲಂಗಿ ಎಲೆ ತಂದು ಸುರಿದಳು.

"ಇಗೋ, ನಿನ್ನ ಸಂಸಾರಕ್ಕೆ. ಬಂಡೆ ಕಡೆ ಹೋದ್ರೆ ನಿನ್ನ ಕಾಲು ನಾನೇ ಮುರೀತೀನಿ."

"ಅಹಿಂಸೆ, ಲ್ಹಾದೆನ್."

"ಅಹಿಂಸೆ ಯಾಕ್‌ಗೆ. ನಿಂಗಲ್ಲ."

ಹಬ್ಬದ ದಿನ ಗೊಮ್ಚೆನ್ ಸೊಪ್ಪಿನ ಕಡುಬನ್ನು ಒಲ್ಲದ ಮನಸ್ಸಿನಿಂದ ನುಂಗುತ್ತ, ಊರಿನಲ್ಲಿ ಕರುಣೆ ಬೆಳೆದಿದೆ ಎಂದು ಪ್ರವಚನ ಮಾಡಿದರು. "ಭಯ ಅನ್ನಿ" ಎಂದರು ಆಪ, ಹಿಂದಿನ ಸಾಲಿನಿಂದ. ಪಕ್ಕದಲ್ಲಿ ನೊರ್ಬು ಮೆಲುಕು ಹಾಕುತ್ತಿತ್ತು.

ಊರಿನ ಮೇವು ತಿಂದು ನೊರ್ಬು ಇನ್ನೂ ಕೆಲವು ವರ್ಷ ಬದುಕಿತು. ಒಂದು ಬೆಳಗ್ಗೆ ಹಟ್ಟಿಯಲ್ಲಿ ಮಲಗಿದ್ದಲ್ಲಿಯೇ ಸತ್ತಿತ್ತು. ಅಷ್ಟು ಪಾಪರಹಿತವಾದ ಮಾಂಸವನ್ನು ನಮ್ಮ ಊರು ಕಂಡೇ ಇರಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಬೇಯಿಸಿದರೂ ಯಾರ ಹಲ್ಲಿಗೂ ಬಗ್ಗಲಿಲ್ಲ. ಒಂದು ತುಂಡನ್ನು ಬಹಳ ಹೊತ್ತು ಅಗಿದ ಗೊಮ್ಚೆನ್, ಕೊನೆಗೆ ಮುಖ ತಿರುಗಿಸಿ ನಾಯಿಗೆ ದಾನ ಮಾಡಿದರು.

ಆಪ ಛಗೇ ತಮ್ಮ ಪಾಲನ್ನು ಮುಟ್ಟಲೇ ಇಲ್ಲ. ಕೇಳಿದ್ದಕ್ಕೆ "ಹಲ್ಲು ನೋವು" ಎಂದರು. ಆಮೇಲೆ ಹಾಲಿನಿಂದ ಮಾಡಿ ಒಣಗಿಸಿದ ಕಲ್ಲಿನಂಥ ಗಿಣ್ಣಿನ ತುಂಡೊಂದನ್ನು ಕಟಕಟನೆ ಕಡಿಯುತ್ತ ಹಟ್ಟಿಯ ಕಡೆ ನಡೆದರು.