ಕೆಡ್ಡಸದ ದಿನದ ಇಂಗ್ಲಿಷ್ ಹೈಕು

‘ಆವರಣದೊಳಗೆ ಇಂಗ್ಲಿಷ್ ಮಾತ್ರ’ ಎಂಬ ಫಲಕ ತೂಗುಹಾಕಿದ್ದು ಶಾಲೆಯ ಆಡಳಿತ ಮಂಡಳಿ. ಅದರ ಫಲ ಉಂಡವರು ಒಂಬತ್ತನೆಯ ತರಗತಿಯ ಮಕ್ಕಳು. ಅವರು ಇಂಗ್ಲಿಷ್ ಕಲಿಯಲಿಲ್ಲ, ಮೌನ ಕಲಿತರು.

ಗದಗ ಸೀಮೆಯಿಂದ ಕಡಬ ತಾಲ್ಲೂಕಿನ ಆಲಂಕಾರಿಗೆ ಇಂಗ್ಲಿಷ್ ಶಿಕ್ಷಕಿಯಾಗಿ ಬಂದ ಮೊದಲ ದಿನ ನನ್ನನ್ನು ಬೆಚ್ಚಿಬೀಳಿಸಿದ್ದು ಆ ಮೌನವೇ. ತುಳು, ಅರೆಭಾಷೆ, ಬ್ಯಾರಿ, ಕನ್ನಡಗಳಲ್ಲಿ ಜಗಳವಾಡುತ್ತ ಬಂದ ಮಕ್ಕಳು ಗೇಟು ದಾಟಿದೊಡನೆ ತುಟಿ ಬಿಗಿದುಕೊಂಡರು. ನಾಲ್ಕು ಭಾಷೆ ಬಲ್ಲವರನ್ನು ಐದನೆಯದರ ಹೆಸರಿನಲ್ಲಿ ಮೂಕರಾಗಿಸುವುದು ಶಿಕ್ಷಣವಲ್ಲ, ಅನ್ಯಾಯ.

ಮಾತಿಗೆ ನಾನೂ ಹಸಿದಿದ್ದೆ. ಊರಿನಲ್ಲಿ ಎರೆಹೊಲದ ಅಂಚಿನವರೆಗೆ ಕಣ್ಣು ಹಾಯಿಸಿ ರೂಢಿ. ಆಲಂಕಾರಿನಲ್ಲಿ ರಸ್ತೆ ತಿರುಗಿದಂತೆಲ್ಲ ಒಂದು ತುಂಡು ಆಕಾಶ, ಒಂದು ತುಂಡು ತೋಟ, ಅಷ್ಟೇ. ಬಾಡಿಗೆಗೆ ಕೋಣೆ ಕೊಟ್ಟ ಸುಶೀಲಕ್ಕ ನಾನು ರೊಟ್ಟಿ ತಟ್ಟುವ ಸದ್ದು ಕೇಳಿ ಓಡಿಬಂದಿದ್ದರು. “ಎಂತ ಟೀಚರೇ, ಗೋಡೆಗೆ ಮೊಳೆ ಹೊಡಿತಿದ್ದೀರಾ?” ಅಂದು ಅವರು ಒಂದು ರೊಟ್ಟಿ ತಿಂದರು, ನಾನು ಅವರ ಕುಚ್ಚಲಕ್ಕಿ ಗಂಜಿ ಕುಡಿದೆ. ನನ್ನ ನೆಲೆ ಅಲ್ಲಿಂದ ಆರಂಭವಾಯಿತು.

ತರಗತಿಯ ಬಾಯಿ ತೆರೆಸಲು ನಾನು ನೆಚ್ಚಿದ್ದು ಇಂಗ್ಲಿಷ್ ಹೈಕುವನ್ನು. ಜಪಾನಿನಿಂದ ಬಂದ ಮೂರು ಪುಟ್ಟ ಸಾಲಿನ ಪದ್ಯ ಅದು. ಇಂಗ್ಲಿಷಿನಲ್ಲಿ ಬರೆಯುವವರು ಅಕ್ಷರಗಳ ಎಣಿಕೆಗೆ ಕಟ್ಟುಬೀಳಬೇಕಿಲ್ಲ, ಪೂರ್ಣ ವಾಕ್ಯವೂ ಬೇಕಿಲ್ಲ. ಕಣ್ಣಿಗೆ ಬಿದ್ದ ಎರಡು ಸಂಗತಿಗಳನ್ನು ಪಕ್ಕಪಕ್ಕದಲ್ಲಿಟ್ಟು, ನಡುವೆ ಕೊಂಚ ಜಾಗ ಬಿಟ್ಟು, ಋತುವಿನ ಒಂದು ಗುರುತು ಸೇರಿಸಿದರಾಯಿತು. ವಾಕ್ಯಕ್ಕೆ ಹೆದರುತ್ತಿದ್ದ ಮಕ್ಕಳಿಗೆ ಅದು ಬಿಡುಗಡೆ. ತುಂಡು ತುಂಡಾಗಿ ಕಾಣುವ ಈ ಸೀಮೆಗೂ ಅದೇ ತಕ್ಕ ಅಳತೆ.

ಆದರೆ ಮೊದಲು ಬಂದ ಪದ್ಯಗಳ ತುಂಬ ಹಿಮ! ಹಿಮ ಕಾಣದ ಮಕ್ಕಳು ಪಠ್ಯಪುಸ್ತಕದ ಚಳಿಗಾಲವನ್ನು ಬರೆದಿದ್ದರು. ಇಲ್ಲಿನ ಋತುವಿನ ಹೆಸರು ನನಗೂ ತಿಳಿದಿರಲಿಲ್ಲ. ಅದನ್ನು ಕಲಿಸಿದ್ದು ನನ್ನದೇ ಎಡವಟ್ಟು. ರಜೆಯ ಬೆಳಗ್ಗೆ ಮೆಂತ್ಯ ಬಿತ್ತೋಣವೆಂದು ಅಂಗಳದಂಚಿನಲ್ಲಿ ಗುದ್ದಲಿ ಎತ್ತಿದ್ದೆ.

“ಅಯ್ಯೋ ಟೀಚರೇ, ಇಡಿ ಕೆಳಗೆ!” ಸುಶೀಲಕ್ಕ ಕೂಗಿದರು. “ಇವತ್ತು ಕೆಡ್ಡಸ ಅಲ್ವಾ? ಭೂಮಿ ಮುಟ್ಟಾದ ದಿನ ಅಗೀಲಿಕ್ಕುಂಟಾ ಮಾರಾಯ್ರೆ?”

ನಮ್ಮಲ್ಲಿ ಸೀಗಿ ಹುಣ್ಣಿಮೆಗೆ ಭೂಮಿತಾಯಿ ಬಸುರಿ. ಹೊಲದ ತುಂಬ ಎಡೆಯ ಅಡುಗೆ ಎರಚಿ, ಚರಗ ಚೆಲ್ಲಿ, ಉಡಿ ತುಂಬುತ್ತೇವೆ. ಇಲ್ಲಿ ಫೆಬ್ರವರಿಯ ಕೆಡ್ಡಸದಲ್ಲಿ ಅವಳು ಮುಟ್ಟಾಗುತ್ತಾಳೆ. ಅವಳಿಗೆ ರಜೆ ಕೊಟ್ಟು, ನೆಲಕ್ಕೆ ಎಣ್ಣೆ ಬಿಡುತ್ತಾರೆ. ನಾನು ಗುದ್ದಲಿ ಇಳಿಸಿ, ಕೈಮುಗಿದು ಕ್ಷಮೆ ಕೇಳಿದೆ. ಮಾರನೆಯ ಪಾಠದಲ್ಲಿ ಈ ಪೇಚನ್ನು ಹೇಳಿದಾಗ ತರಗತಿ ಮೊದಲ ಬಾರಿಗೆ ಗೊಳ್ಳೆಂದು ನಕ್ಕಿತು. “ಹಿಮ ಬೇಡ, ನಿಮ್ಮ ಕೆಡ್ಡಸ ಕೊಡಿ” ಎಂದೆ.

ಹಿಂದಿನ ಬೆಂಚಿನ ಹರ್ಷಿತಾ ಬರೆದಳು. ಅವಳ ಇಂಗ್ಲಿಷನ್ನು ಕನ್ನಡದಲ್ಲಿ ಹೇಳಿದರೆ ಹೀಗೆ:

ಕೆಡ್ಡಸ—
ಮೂಲೆಗೊರಗಿದ ಗುದ್ದಲಿ,
ಹಟ್ಟಿಗೆ ಹೊರಟ ಅಮ್ಮ

ಹಟ್ಟಿ ಎಂದರೆ ದನದ ಕೊಟ್ಟಿಗೆ; ಅಮ್ಮ ಹೊರಟದ್ದು ಅಲ್ಲಿನ ದಿನನಿತ್ಯದ ಕೆಲಸಕ್ಕೆ. ಮುಟ್ಟಾದ ಮಣ್ಣಿಗೆ ರಜೆ ಉಂಟು, ಹೆಣ್ಣಿಗಿಲ್ಲ. ಹೋರಾಟಗಳ ಕರಪತ್ರ ಬರೆದು ಬೆಳೆದ ನಾನು ತಡೆಯಲಾರದೆ, “ಅಮ್ಮನಿಗೆ ರಜೆ ಯಾರು ಕೊಡುತ್ತಾರೆ ಅಂತ ಇನ್ನೊಂದು ಸಾಲು ಸೇರಿಸು” ಎಂದೆ.

“ಅದೂ ಹೇಳಿದ್ರೆ ಓದುವವರಿಗೆ ಮತ್ತೆ ಎಂತ ಉಳಿತದೆ ಮೇಡಂ?” ಎಂದಳು.

ಅನ್ಯಾಯವನ್ನು ಹೆಸರಿಸದೆಯೂ ತೋರಿಸಬಹುದೆಂದು ಆ ಮಾತಿನಿಂದ ಅರಿತೆ. ಈ ಋಣ ನನ್ನ ಮೇಲೆ ಸದಾ ಇರುತ್ತದೆ.

ಪದ್ಯವನ್ನು ಶಾಲೆಯ ವಾರ್ಷಿಕ ಸಂಚಿಕೆಗೆ ಕೊಟ್ಟೆವು. ಕರಡು ಬಂದಾಗ ‘ಕೆಡ್ಡಸ’ ಇದ್ದ ಕಡೆ ‘ಸ್ಪ್ರಿಂಗ್’ ಎಂದಿತ್ತು.

“ಇಂಗ್ಲಿಷ್ ಪದ್ಯದಲ್ಲಿ ತುಳು ಎಂತಕ್ಕೆ?” ಎಂದರು ಆಡಳಿತ ಮಂಡಳಿಯ ಸಂಚಾಲಕರು. “ಹೊರಗಿನವರಿಗೆ ಅರ್ಥ ಆಗುದಿಲ್ಲ.”

“ಹೊರಗಿನವಳು ನಾನೇ ಸರ್. ನನಗೆ ಅರ್ಥವಾಯಿತು” ಎಂದೆ. ಅವರು ಫೋನು ಎತ್ತಿಕೊಂಡರು.

ಹರ್ಷಿತಾ ಕರಡನ್ನು ಓದಿ ನನಗೆ ಮರಳಿಸಿದಳು. “ವಸಂತದಲ್ಲಿ ಗುದ್ದಲಿ ಯಾಕೆ ಸುಮ್ಮನಿರ್ತದೆ? ಇದು ನನ್ನದಲ್ಲ. ನನ್ನ ಹೆಸರು ತೆಗೀರಿ.” ಅಂದಿನಿಂದ ಅವಳು ತರಗತಿಯಲ್ಲಿ ಮತ್ತೆ ಮಾತಾಡಿಲ್ಲ. ಆ ಬಾಯಿ ತೆರೆಯಲು ಎಷ್ಟು ಕಾಲ ಹಿಡಿದಿತ್ತೆಂದು ಬಲ್ಲ ನನಗೆ ಇದನ್ನು ಸಹಿಸುವುದು ಸಾಧ್ಯವಿಲ್ಲ.

ಊರಿಗೆ ಫೋನು ಮಾಡಿದರೆ ಅಕ್ಕ, “ನೀ ಯಾವಾಗಿಂದ ‘ಉಂಟು’ ಅನ್ನಾಕ ಹತ್ತೀದಿ?” ಎಂದು ರೇಗಿಸುತ್ತಾಳೆ. ಇಲ್ಲಿ ಸುಶೀಲಕ್ಕ, “ನಿಮ್ಮ ಕನ್ನಡವೂ ನಿಮ್ಮ ಚಟ್ನಿಯ ಹಾಗೆ, ಖಾರ” ಎನ್ನುತ್ತಾರೆ. ಎರಡೂ ಕಡೆ ಅರ್ಧರ್ಧ ಪರಕೀಯಳು ನಾನು. ಎರಡೂ ಕಡೆ ನನಗಾಗಿ ಒಂದು ತಟ್ಟೆ ಉಂಟು. ಅದಕ್ಕೆ ಕೃತಜ್ಞಳು. ನನ್ನನ್ನು ಒಳಗೆ ಕರೆದುಕೊಂಡ ಈ ಊರಿನ ಮಾತಿಗೆ ಅದರದೇ ಶಾಲೆಯಲ್ಲಿ ಜಾಗವಿಲ್ಲವೆಂದರೆ ನಾನು ಸುಮ್ಮನಿರಲಾರೆ.

ಸಂಚಾಲಕರೇ, ಸಂಚಿಕೆ ಇನ್ನೂ ಅಚ್ಚಿಗೆ ಹೋಗಿಲ್ಲ. ‘ಸ್ಪ್ರಿಂಗ್’ ತೆಗೆದು ‘ಕೆಡ್ಡಸ’ವನ್ನು ಮರಳಿಸಿ. ಹೊರಗಿನವರಿಗಾಗಿ ಒಂದು ಸಾಲಿನ ಟಿಪ್ಪಣಿ ಬೇಕಾದರೆ ಹರ್ಷಿತಾಳನ್ನು ಕರೆದು ಕೇಳಿ; ಅವಳು ಇಂಗ್ಲಿಷಿನಲ್ಲೇ ಬರೆದುಕೊಡುತ್ತಾಳೆ. ಅವಳು ನಿಮ್ಮ ಕೋಣೆಗೆ ಬರುವ ಮೊದಲು ಗೇಟಿನ ಆ ಫಲಕವನ್ನು ಇಳಿಸಿರಿ.