ಷೇರು ಏರಿತು, ಆಪ್ಷನ್ ಇಳಿಯಿತು

ಕಮ್ಯುನಿಟಿ ಗೆಳೆಯರೇ, ಇಂದು ಗುರ್‌ಗಾಂವ್‌ನ ಬ್ರೋಕರ್ ಕಚೇರಿಯಲ್ಲಿ ಜಗಳವಾಡಿ ಈಗಷ್ಟೇ ಮನೆಗೆ ಬಂದೆ. ಕಂಪನಿಯೊಂದರ ತ್ರೈಮಾಸಿಕ ಫಲಿತಾಂಶ ಚೆನ್ನಾಗಿರುತ್ತದೆ, ಷೇರು ಏರುತ್ತದೆ ಎಂದು ನಂಬಿ ನಿನ್ನೆ ಅದರ ಕಾಲ್ ಆಪ್ಷನ್, ಅಂದರೆ ಆ ಷೇರನ್ನು ಮುಂದೆ ನಿಗದಿತ ಬೆಲೆಗೆ ಕೊಳ್ಳುವ ಹಕ್ಕು, ಕೊಂಡಿದ್ದೆ. ಫಲಿತಾಂಶ ಚೆನ್ನಾಗಿಯೇ ಬಂತು, ಷೇರೂ ತುಸು ಏರಿತು. ನನ್ನ ಆಪ್ಷನ್ನಿನ ಬೆಲೆ ಮಾತ್ರ ಕುಸಿಯಿತು.

"ಏನಾಗುತ್ತೋ ಅನ್ನೋ ಆತಂಕವೂ ನಿನ್ನೆಯ ಬೆಲೆಯಲ್ಲಿ ಸೇರಿತ್ತು ಮೇಡಂ. ಅದೇ ವೊಲಟಿಲಿಟಿ. ಫಲಿತಾಂಶ ಬಂತು, ಆತಂಕ ಹೋಯ್ತು, ಅದಕ್ಕೆ ಕೊಟ್ಟ ಬೆಲೆಯೂ ಇಳೀತು," ಎಂದರು ನನಗೆ ಆಪ್ಷನ್ ಕೊಡಿಸಿದ್ದ ಡೀಲರ್.

"ನಿನ್ನೆ ಯಾಕೆ ಹೇಳಲಿಲ್ಲ?"

"ನೀವು ಕೇಳಲಿಲ್ಲ. ಲೇಡೀಸ್‌ಗೆ ಎಫ್‌ಡಿಯೇ ಒಳ್ಳೇದು."

ಅವರ ಪಕ್ಕಕ್ಕೇ ಕುರ್ಚಿ ಎಳೆದುಕೊಂಡು ಕುಳಿತೆ. "ಅಚ್ಛಾ, ಈಗ ಕೇಳ್ತಿದ್ದೀನಿ. ಪೂರ್ತಿ ಹೇಳಿಕೊಡಿ."

ಅರ್ಥವಾಗುವವರೆಗೂ ಏಳಲಿಲ್ಲ. ಹೊರಡುವಾಗ ಅವರು ಮೆಲ್ಲಗೆ ಕೇಳಿದರು, "ನಾಳೆಯೂ ಬರ್ತೀರಾ?"

"ಬರ್ತೀನಿ. ಪಕ್ಕದ ಫ್ಲಾಟಿನ ಇಬ್ಬರು ಹೆಂಗಸರೂ ಕಲೀಬೇಕಂತೆ."

ಇನ್ನೆರಡು ಕುರ್ಚಿ ಹೊಂದಿಸುವುದು ಅವರ ಪಾಡು.