ಪಾಸಾದ ತೊಲೆ

ಸ್ವಾತಂತ್ರ್ಯ ಬಂದು ಇನ್ನೂ ಹತ್ತು ವರ್ಷ ತುಂಬಿರಲಿಲ್ಲ. ಚಿತ್ರದುರ್ಗದಲ್ಲಿ ಮರದ ಗುಣ ಪರೀಕ್ಷಿಸುವ ಪುಟ್ಟ ಕಚೇರಿಯೊಂದರಲ್ಲಿ ನನಗೆ ಕೆಲಸ. ಹೊಳಲ್ಕೆರೆ, ಹೊಸದುರ್ಗದ ಹಳ್ಳಿಗಳಿಗೆ ಹೋಗಿ, ಮಣ್ಣಿನ ಮಾಳಿಗೆ ಹೊತ್ತ ತೊಲೆಗಳ ಹೊರಚಾಚಿದ ತುದಿಯಿಂದ ಗೇಣುದ್ದದ ತುಂಡು ಕೊಯ್ದು ತಂದು, ಯಂತ್ರಕ್ಕಿಟ್ಟು ಮುರಿಯಬೇಕು. ತುಂಡು ಸೋತರೆ ಆ ಮನೆಗೆ ಸರ್ಕಾರದಿಂದ ಹೊಸ ತೊಲೆ.

ಹೊರಕೆರೆದೇವಪುರದ ಹತ್ತಿರದ ಹಟ್ಟಿಯಲ್ಲಿ ಕುರಿ ಸಾಕುವ ಅಜ್ಜಿಯ ಮನೆಗೆ ಹೋದೆ. ನಡುಮನೆಯ ಬೇವಿನ ತೊಲೆಯನ್ನು ಕೋಲಿನಿಂದ ತಟ್ಟಿದರೆ ಗೆದ್ದಲು ತಿಂದ ಪೊಳ್ಳು ಸದ್ದು. ಹೆದರಿದ ಅಜ್ಜಿ ಬಾಣಂತಿ ಸೊಸೆಯನ್ನು ಆಗಲೇ ಪಡಸಾಲೆಯಲ್ಲಿ ಮಲಗಿಸಿದ್ದಳು. ನಾನು ಗರಗಸ ತೆಗೆದೆ. ಅಜ್ಜಿ ತಡೆದಳು.

"ಇವತ್ತು ಮಂಗ್ಳಾರ, ಮನೆ ತೊಲೆಗೆ ಗರಗಸ ಇಕ್ಬಾರ್ದು ಕಣಪ್ಪ. ನಾಳೆ ನಾವೇ ಕೊಯ್ಸಿಡ್ತೀವಿ, ಬಂದು ತಗಂಡೋಗ್ರಿ."

ಏಣಿ ಹತ್ತುವುದು ತಪ್ಪಿತೆಂದು ಒಪ್ಪಿಕೊಂಡೆ. ಮೈಗಳ್ಳ ನಾನು, ಅಂದೂ ಇಂದೂ.

ಮರುದಿನ ತಂದ ತುಂಡು ಯಂತ್ರದಲ್ಲಿ ಜಪ್ಪಯ್ಯ ಅಂದರೂ ಜಗ್ಗಲಿಲ್ಲ. ಇದು ಆ ತೊಲೆಯದಲ್ಲ, ಅದು ಪೊಳ್ಳು ಎಂದು ಸಾಹೇಬರಿಗೆ ಹೇಳಿದೆ. "ಕೋಲಲ್ಲಿ ತಟ್ಟಿ ಹೇಳೋದಾದ್ರೆ ಯಂತ್ರ ಯಾಕ್ರೀ?" ಎಂದು 'ತೊಲೆ ಉತ್ತಮ' ಎಂಬ ಕಾಗದಕ್ಕೆ ಸೀಲು ಹೊಡೆದು ಅಜ್ಜಿಗೆ ಕಳಿಸಿಬಿಟ್ಟರು. ಅವರೆದುರು ಎರಡನೇ ಮಾತಾಡುವ ಧೈರ್ಯ ನನಗಿರಲಿಲ್ಲ.

ಹದಿನೈದು ದಿನ ಮನಸ್ಸು ಕೊರೆಯಿತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ, ಆಮೇಲೆ ಬಸ್ಸು ಹಿಡಿದೆ. ತುಂಡು ಎಲ್ಲಿಯದೆಂದು ಅಜ್ಜಿಯನ್ನು ಕೇಳಿದೆ.

"ಕುರಿರೊಪ್ಪದ ಬಾಗ್ಲಿಗಂತ ಇಟ್ಟಿದ್ವಿ, ಬೇವಿನ ಚೇಗು, ಮರದ ಗಟ್ಟಿ ತಿರುಳು. ಮನೆಗೆ ಬಂದೋರಿಗೆ ಹುಳ ತಿಂದಿದ್ದು ಕೊಡಾಕಾಗ್ತೈತಾ? ಅದೂ ತೊಲೆ ಕಡಿದ ಮರದ್ದೇ, ಬ್ಯಾರೇದಲ್ಲ."

ನನಗೆ ಸಿಟ್ಟು ಬಂತು, ಯಾರ ಮೇಲೆ ಎಂದು ತಿಳಿಯಲಿಲ್ಲ. ನೆಂಟರಿಗೆ ಒಳ್ಳೆಯ ಜೋಳ ಆರಿಸಿ ಕೊಡುವಂತೆ ನನಗೆ ಒಳ್ಳೆಯ ಮರ ಆರಿಸಿ ಕೊಟ್ಟಿದ್ದಳು. ತಲೆಯೆತ್ತಿ ನೋಡಿದರೆ, ಅದೇ ತೊಲೆಗೆ ಹಗ್ಗ ಬಿಗಿದು ತೊಟ್ಟಿಲು ಕಟ್ಟಿದ್ದಾರೆ.

"ತೊಟ್ಟಿಲು ಬಿಚ್ಚಿ ಅಜ್ಜಿ, ಆ ಕಾಗದ ಸುಳ್ಳು" ಎಂದೆ.

"ಪಾಸಾಗೈತೆ ಅಂತ ಶಾನುಭೋಗ್ರು ಓದಿ ಹೇಳಿದ್ರು. ಸೀಲು ಹೊಡ್ದು ಬರ್ದು, ಈಗ ಅಲ್ಲ ಅಂದ್ರೆ ಹೆಂಗಪ್ಪ? ಕುಂತ್ಕಳ್ರಿ, ಮಜ್ಜಿಗೆ ಕುಡೀರಿ."

ಸೊಸೆ ತೊಟ್ಟಿಲು ತೂಗುತ್ತಿದ್ದಳು. ಮೇಲಿನಿಂದ ಸಣ್ಣ ಹುಡಿ ಉದುರಿ ಮಗುವಿನ ಮುಖದ ಮೇಲೆ ಬಿತ್ತು. ಅವಳು ಸೆರಗಿನಿಂದ ಒರೆಸಿ ಮತ್ತೆ ತೂಗಿದಳು.